ಮೇಘಳನ್ನು ಮುಂದಿನ ಚೌಕಕ್ಕೆ ಸರಿಸಿದವನು

ಮಾರುತೇಶ ಮತ್ತೋಡಿನವನು. ಹೊಸದುರ್ಗದಲ್ಲಿ ಐಟಿಐ ಮುಗಿಸಿ, ಇಪ್ಪತ್ತೊಂದನೇ ವಯಸ್ಸಿಗೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ರಿಪೇರಿ ಕೆಲಸಕ್ಕೆ ಸೇರಿದ. ಕರೆಂಟು ಮಾಡುವ ಆ ಫ್ಯಾನುಗಳನ್ನು ದೂರದಿಂದ ನೋಡಿದವರಿಗೆ ಅವು ಆರಾಮಾಗಿ ತಿರುಗುವ ಬಿಳಿ ರೆಕ್ಕೆಗಳು. ಕಂಬದ ಹೊಟ್ಟೆಯೊಳಗಿನ ಏಣಿ ಹತ್ತುವವರಿಗೆ ಅವು ಬೇರೆಯೇ. ಹತ್ತು ವರ್ಷ ಹತ್ತಿ ಇಳಿದು ಮಾರುತೇಶನ ಎಡ ಮಂಡಿ ಸವೆದಿತ್ತು. ಜೋರು ಮಾತಿನವನಲ್ಲ, ಯಾರ ಜೊತೆಯೂ ಜಗಳಕ್ಕೆ ಹೋಗುವವನಲ್ಲ. ಮೇಲಿನವರು ಹೇಳಿದ್ದಕ್ಕೆ ಹೂಂ ಅನ್ನುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮೂರು ವರ್ಷದ ಹಿಂದೆ ಅವನ ಜೋಡಿಗೆ ಅಂಜನ್ ಬಂದ. ಹಿರಿಯೂರಿನ ಹುಡುಗ, ಇಪ್ಪತ್ತನಾಲ್ಕು ವರ್ಷ. ಅಪ್ಪ ಇಲ್ಲ. ಅಮ್ಮ ಮಲ್ಲಕ್ಕ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ತಂಗಿ ಮೇಘಶ್ರೀ ಒಂದು ತೆಂಗಿನಕಾಯಿ ವ್ಯಾಪಾರದ ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ. ಫ್ಯಾನಿನ ಕೆಲಸಕ್ಕೆ ಯಾವಾಗಲೂ ಇಬ್ಬರು ಹೋಗಬೇಕೆಂಬುದು ಕಂಪನಿಯ ನಿಯಮ. ಹಾಗಾಗಿ ಇಬ್ಬರೂ ಬೆಳಗಾದರೆ ಒಂದೇ ಜೀಪಿನಲ್ಲಿ ಗುಡ್ಡ ಹತ್ತುವುದು, ಒಂದೇ ಬುತ್ತಿಯಲ್ಲಿ ಉಣ್ಣುವುದು, ಗಾಳಿ ಹೆಚ್ಚಾಗಿ ಮೇಲೆ ಹೋಗಲಾಗದ ದಿನಗಳಲ್ಲಿ ಜೀಪಿನೊಳಗೇ ಕೂತು ಕಾಯುವುದು.

ಆ ಕಾಯುವ ಹೊತ್ತಿನಲ್ಲೇ ಅಂಜನ್ ಅವನಿಗೆ ಆ ಆಟ ತೋರಿಸಿದ್ದು. ಫೋನಿನ ಪರದೆಯ ತುಂಬ ಚೌಕದ ಮನೆಗಳು. ಅದರ ಮೇಲೆ ನಮ್ಮ ಕಡೆಯ ಎಂಟು ಹತ್ತು ಸೈನಿಕರು, ಎದುರು ಕಡೆಯವರು ಇಪ್ಪತ್ತು. ಒಂದು ಪಾಳಿ ನಮ್ಮದು, ಒಂದು ಪಾಳಿ ಅವರದು. ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಆಟದ ಜೀವಾಳ. ಸೈನಿಕರಿಗೆ ನಮಗೆ ಬೇಕಾದ ಹೆಸರು ಇಡಬಹುದು. ಅಂಜನ್ ಗುರಾಣಿ ಹಿಡಿದ ದಪ್ಪ ಹೆಂಗಸಿಗೆ ಮಲ್ಲಿ ಎಂದು ಅಮ್ಮನ ಹೆಸರಿಟ್ಟಿದ್ದ. ಬಿಲ್ಲು ಹಿಡಿದವಳಿಗೆ ಮೇಘ. ಕೊಡಲಿಯವನಿಗೆ ಮಾರುತಿ.

“ನೋಡಣ್ಣ, ಪಕ್ಕಪಕ್ಕ ನಿಂತು ಕಾದಾಡಿದಷ್ಟೂ ಇವರಿಗೆ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಬೆಳಿತೈತೆ,” ಎಂದು ಅಂಜನ್ ವಿವರಿಸಿದ್ದ. “ಕಾಳಗ ಮುಗಿದ ಮ್ಯಾಲೆ ಡೇರೆ ಹತ್ರ ಕುಂತು ಮಾತಾಡ್ತಾರೆ. ತಮ್ಮ ಊರು, ಮನೆ, ಎಲ್ಲ ಹೇಳ್ಕಂತಾರೆ. ಆಮೇಲೆ ಒಬ್ಬರಿಗೆ ಏಟು ಬೀಳೋ ಹೊತ್ತಿಗೆ ಇನ್ನೊಬ್ಬರು ಅಡ್ಡ ಬರ್ತಾರೆ.”

ಮಾರುತೇಶನೂ ತನ್ನ ಫೋನಿನಲ್ಲಿ ಅದನ್ನು ಹಾಕಿಸಿಕೊಂಡ. ಆದರೆ ಇಬ್ಬರೂ ಆಡುವ ರೀತಿ ಬೇರೆ. ಮಾರುತೇಶ ಸುಲಭದ ಹಂತದಲ್ಲಿ ಆಡುವವನು. ಯಾರಾದರೂ ಸತ್ತರೆ ಹಿಂದಕ್ಕೆ ಹೋಗಿ ಆ ಪಾಳಿಯನ್ನು ಮತ್ತೆ ಆಡಿ ಬದುಕಿಸಿಕೊಳ್ಳುತ್ತಿದ್ದ. ಅಂಜನ್ ಆಡುತ್ತಿದ್ದದ್ದು ಕಡೆಯ, ಅತಿ ಕಷ್ಟದ ಹಂತ. ಅಲ್ಲಿ ಪ್ರತಿ ನಡೆಯೂ ಆಗಿಂದಾಗ್ಗೆ ದಾಖಲಾಗಿಬಿಡುತ್ತದೆ. ಹಿಂದಕ್ಕೆ ಹೋಗುವಂತಿಲ್ಲ. ಸತ್ತವರು ಕತೆ ಮುಗಿಯುವತನಕ ಮತ್ತೆ ಬರುವುದಿಲ್ಲ.

“ಯಾಕಲೇ ಇಷ್ಟು ಕಷ್ಟಪಡ್ತೀಯ?” ಎಂದು ಮಾರುತೇಶ ನಗುತ್ತಿದ್ದ.

“ವಾಪಸ್ ಬರ್ತಾರೆ ಅಂತ ಗೊತ್ತಿದ್ರೆ ಯಾರನ್ನ ಬೇಕಾದ್ರೂ ಮುಂದಕ್ಕೆ ತಳ್ತೀವಣ್ಣ. ನೀನೇ ನೋಡು, ನಿನ್ ಬಿಲ್ಲುಗಾರ ಎಷ್ಟು ಸಲ ಸತ್ತವನೆ.”

ಅಂಜನ್ ಒಂದೊಂದು ನಡೆಗೂ ಹತ್ತು ನಿಮಿಷ ಯೋಚಿಸುತ್ತಿದ್ದ. ನಾಲ್ಕು ತಿಂಗಳಲ್ಲಿ ಇಬ್ಬರನ್ನು ಕಳೆದುಕೊಂಡಿದ್ದ. ಮೇಘಳಿಗೆ ಮಾತ್ರ ಒಂದು ಗೀರೂ ಬೀಳಲು ಬಿಟ್ಟಿರಲಿಲ್ಲ. ಅವಳು ಯಾವಾಗಲೂ ಮಲ್ಲಿಯ ಬೆನ್ನಿಗೇ, ಒಂದು ಚೌಕ ಹಿಂದೆ. ಊಟದ ಹೊತ್ತಿಗೆ ತಂಗಿಗೆ ಫೋನು ಮಾಡಿ, “ಇವತ್ತು ನೀನು ಮೂರು ಜನನ್ನ ಕೆಡವಿದೆ ಕಣೇ,” ಎಂದು ಹೇಳುತ್ತಿದ್ದ. ಅತ್ತ ಕಡೆಯಿಂದ ಅವಳು ಬೈಯುವುದು ಮಾರುತೇಶನಿಗೂ ಕೇಳಿಸುತ್ತಿತ್ತು.

ಅದು ಆಷಾಢದ ಗಾಳಿಯ ಕಾಲ. ಅವತ್ತು ಬೆಳಗ್ಗೆ ಗಾಳಿ ಸ್ವಲ್ಪ ತಗ್ಗಿತ್ತು. ಹನ್ನೊಂದನೇ ಫ್ಯಾನಿನ ನೆತ್ತಿಯ ಮೇಲೆ ಗಾಳಿಯ ವೇಗ ಅಳೆಯುವ ಸಣ್ಣ ಯಂತ್ರವೊಂದು ಕೆಟ್ಟಿತ್ತು, ಅದನ್ನು ಬದಲಿಸಬೇಕಿತ್ತು. ಇಬ್ಬರೂ ಮೇಲೆ ಹೋಗುತ್ತೇವೆಂದು ಬರೆದ ಹಾಳೆಗೆ ಇಬ್ಬರೂ ಸಹಿ ಹಾಕಿದರು. ಅಷ್ಟರಲ್ಲಿ ಸೂಪರ್‌ವೈಸರ್ ಚಿತ್ರಲಿಂಗಪ್ಪನ ಫೋನು ಬಂತು.

“ಎಣ್ಣೆ ಡ್ರಮ್ಮಿನ ಲಾರಿ ಬರ್ತೈತೆ. ಒಬ್ಬ ಕೆಳಗೆ ಇರ್ರಿ, ಒಬ್ಬ ಮ್ಯಾಲೆ ಹೋಗ್ಲಿ. ಅರ್ಧ ಗಂಟೆ ಕೆಲಸ, ಅದಕ್ಕೆ ಇಬ್ಬರು ಯಾಕೆ?”

ಮಾರುತೇಶನ ಮಂಡಿ ನೋಯುತ್ತಿತ್ತು. ಹೂಂ ಸಾರ್ ಅಂದ. ಅಂಜನ್ ಆಟದ ಮಧ್ಯದಲ್ಲಿದ್ದ. ಮೇಲೆ ಫೋನು ಒಯ್ಯಬಾರದೆಂದು ನಿಯಮವಿತ್ತು. ಎಲ್ಲರೂ ಒಯ್ಯುತ್ತಿದ್ದರು, ಅಂಜನ್ ಮಾತ್ರ ಒಯ್ಯುತ್ತಿರಲಿಲ್ಲ. ಫೋನನ್ನು ಸೀಟಿನ ಮೇಲಿಟ್ಟು ನಡುಪಟ್ಟಿ ಬಿಗಿದುಕೊಂಡ.

“ಹುಕ್ಕಿನ ಸ್ಪ್ರಿಂಗು ಇನ್ನೂ ಬದಲಾಯ್ಸಿಲ್ಲಣ್ಣ,” ಎಂದು ಒಂದು ಹುಕ್ಕನ್ನು ಬೆರಳಿನಿಂದ ಒತ್ತಿ ತೋರಿಸಿದ. ನಡುಪಟ್ಟಿಗೆ ಎರಡು ಹಗ್ಗ, ತುದಿಗೊಂದೊಂದು ಹುಕ್ಕು ಇರುತ್ತವೆ. ಮೇಲೆ ಒಂದನ್ನು ಬಿಚ್ಚಿ ಸರಿಸುವಾಗ ಇನ್ನೊಂದು ಹಿಡಿದಿರಬೇಕು. ಅವನ ಒಂದು ಹುಕ್ಕು ಎರಡು ತಿಂಗಳಿಂದ ಸರಿಯಾಗಿ ಮುಚ್ಚಿಕೊಳ್ಳುತ್ತಿರಲಿಲ್ಲ. ಚಿತ್ರಲಿಂಗಪ್ಪನಿಗೆ ಮೂರು ಸಲ ಹೇಳಿದ್ದರು.

“ಹುಷಾರು,” ಅಂದ ಮಾರುತೇಶ.

ಲಾರಿ ಬರಲಿಲ್ಲ. ಅರ್ಧ ಗಂಟೆ ಕಾದ ಮೇಲೆ ಅವನು ಬೇಸರಕ್ಕೆ ಅಂಜನನ ಫೋನು ಕೈಗೆತ್ತಿಕೊಂಡ. ಅದರ ಬೀಗ ತೆಗೆಯುವುದು ಅವನಿಗೆ ಗೊತ್ತಿತ್ತು. ಕಾಳಗ ಅರ್ಧಕ್ಕೆ ನಿಂತಿತ್ತು. ಎದುರು ಕಡೆಯ ನಾಯಕ ಒಬ್ಬನೇ ಒಂದು ಸೇತುವೆಯ ಮೇಲೆ ನಿಂತಿದ್ದ. ಮೇಘಳನ್ನು ಎರಡು ಚೌಕ ಮುಂದೆ ಸರಿಸಿದರೆ ಒಂದೇ ಬಾಣಕ್ಕೆ ಅವನು ಸಾಯುತ್ತಾನೆ ಎಂದು ಮಾರುತೇಶನಿಗೆ ಅನ್ನಿಸಿತು. ಅಂಜನ್ ಇಳಿದು ಬಂದಾಗ, ನೋಡಪ್ಪ, ನೀನು ಒಂದು ವಾರದಿಂದ ಒದ್ದಾಡುತ್ತಿದ್ದುದನ್ನು ನಾನು ಮುಗಿಸಿದೆ ಅನ್ನಬಹುದು. ಸರಿಸಿದ.

ನಾಯಕ ಸಾಯಲಿಲ್ಲ. ಸೇತುವೆಯ ಆಚೆ ಮರದ ಮರೆಯಲ್ಲಿದ್ದ ಇಬ್ಬರು ಕುದುರೆಯವರು ಮುಂದೆ ಬಂದರು. ಮಲ್ಲಿ ಹಿಂದೆ ಉಳಿದಿದ್ದಳು, ಅಡ್ಡ ಬರಲಾಗಲಿಲ್ಲ. ಎರಡು ಏಟಿಗೆ ಮೇಘ ಬಿದ್ದಳು. ಪರದೆ ಒಂದು ಕ್ಷಣ ಕಪ್ಪಾಯಿತು.

ಮಾರುತೇಶ ಆಟ ಮುಚ್ಚಿ ತೆರೆದ. ಮೇಘ ಇಲ್ಲ. ಫೋನು ಆರಿಸಿ ಮತ್ತೆ ಹಚ್ಚಿದ. ಇಲ್ಲ. ಆಗಲೇ ವಾಕಿಟಾಕಿಯಲ್ಲಿ ಅಂಜನನ ದನಿ ಬಂತು, ಗಾಳಿಯ ಸದ್ದಿನ ನಡುವೆ.

“ಅಣ್ಣ, ಮ್ಯಾಲೆ ಬಾ. ಕೈಯಾಗೆ ಯಂತ್ರ ಐತೆ, ಹುಕ್ಕು ಸರಿಸಕ್ಕೆ ಆಗ್ತಿಲ್ಲ. ಗಾಳಿ ಎದ್ದೈತೆ.”

“ಐದು ನಿಮಿಷ ತಡಿಯಪ್ಪ. ಲಾರಿ ಬಂತು,” ಅಂದ ಮಾರುತೇಶ. ಲಾರಿ ಬಂದಿರಲಿಲ್ಲ. ಅವನು ಇನ್ನೂ ಪರದೆಯ ಮೇಲೆ ಹಿಂದಕ್ಕೆ ಹೋಗುವ ದಾರಿ ಹುಡುಕುತ್ತಿದ್ದ.

“ಸರಿ, ನಾನೇ ನೋಡ್ಕಂತೀನಿ.”

ಅಂಜನ್ ಬಿದ್ದ ಸದ್ದು ಜೋರಾಗಿ ಏನೂ ಕೇಳಲಿಲ್ಲ. ಜೀಪಿನ ಹಿಂದೆ ಯಾರೋ ಹುಲ್ಲಿನ ಹೊರೆ ಹಾಕಿದಂತೆ ಕೇಳಿತು. ಮಾರುತೇಶ ಇಳಿದು ಓಡಿದ. ಹತ್ತು ವರ್ಷದಲ್ಲಿ ಅವನು ಅಷ್ಟು ಬೇಗ ಓಡಿರಲಿಲ್ಲ, ಮಂಡಿಯ ನೋವೂ ನೆನಪಾಗಲಿಲ್ಲ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ಅಂಗಿ ಬಿಚ್ಚಿ ಅಂಜನನ ಮುಖಕ್ಕೆ ಹೊದಿಸಿ, ಪಕ್ಕದಲ್ಲಿ ಕೂತ.

ಚಿತ್ರಲಿಂಗಪ್ಪ ನಲವತ್ತು ನಿಮಿಷದಲ್ಲಿ ಬಂದ. ಮೊದಲು ಶವ ನೋಡಿದ, ಆಮೇಲೆ ಬಾಯಿ ತೆರೆದೇ ಇದ್ದ ಹುಕ್ಕು ನೋಡಿದ. ಆ ನಡುಪಟ್ಟಿಯನ್ನು ಬಿಚ್ಚಿ ತನ್ನ ಜೀಪಿನಲ್ಲಿ ಹಾಕಿಕೊಂಡ. ಮಾರುತೇಶನ ಕೈಯಲ್ಲಿ ಇನ್ನೂ ಅಂಜನನ ಫೋನಿತ್ತು.

“ಯಾರ್ದಿದು?”

“ಅಂಜನ್ದು ಸಾರ್.”

ಚಿತ್ರಲಿಂಗಪ್ಪ ಅದನ್ನು ತೆಗೆದುಕೊಂಡು ಪರದೆ ನೋಡಿದ. ಆಟ ತೆರೆದೇ ಇತ್ತು. ಆಮೇಲೆ ಮಾರುತೇಶನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಮಾತಾಡಿದ.

“ನೋಡು ಮಾರುತೇಶ, ಇಬ್ಬರೂ ಮ್ಯಾಲೆ ಹೋಗ್ತೀವಿ ಅಂತ ಬೆಳಿಗ್ಗೆ ಸೈನ್ ಹಾಕೀಯ. ನೀನು ಕೆಳಗೆ ಕುಂತಿದ್ದೆ ಅಂತ ಗೊತ್ತಾದ್ರೆ ಮೊದ್ಲು ಒಳಗೆ ಹೋಗೋನು ನೀನೇ. ಹೋದೋನು ಹೋದ. ನೀನು ಅವನ ಪಕ್ಕದಾಗೇ ಇದ್ದೆ. ಅವನು ಮ್ಯಾಲೆ ಫೋನಾಗೆ ಆಟ ಆಡ್ತಿದ್ದ, ಹುಕ್ಕು ಹಾಕೋದು ಮರೆತ. ಅಷ್ಟೇ. ಅರ್ಥ ಆತಾ?”

ಪೊಲೀಸರು ಬಂದಾಗ ಮಾರುತೇಶ ಅದನ್ನೇ ಹೇಳಿದ. ಹೇಳುವಾಗ ಎರಡು ಸಲ ತಡವರಿಸಿದ, ದುಃಖಕ್ಕೆಂದು ಎಲ್ಲರೂ ತಿಳಿದರು. ಬರೆದುಕೊಂಡದ್ದರ ಕೆಳಗೆ ಸಹಿ ಹಾಕಿದ. ಫ್ಯಾನಿನ ನೆತ್ತಿಯ ಮೇಲೆ ಸಿಕ್ಕಿದ ಫೋನು ಎಂದು ಆ ಫೋನನ್ನು ಪಟ್ಟಿಯಲ್ಲಿ ಸೇರಿಸಿ ಪೊಲೀಸರು ಒಯ್ದರು.

ಸುದ್ದಿ ಅವನಿಗಿಂತ ಮೊದಲೇ ಹಿರಿಯೂರು ಮುಟ್ಟಿತ್ತು. ಮಣ್ಣಿಗೆ ಹೋದಾಗ ಬೀದಿಯ ಜನ ಗುಂಪುಗುಂಪಾಗಿ ನಿಂತು ಮಾತಾಡುತ್ತಿದ್ದರು. ಈಗಿನ ಹುಡುಗರಿಗೆ ಈ ಫೋನಿನ ಹುಚ್ಚು ಹೋಗಲ್ಲ, ಅಷ್ಟು ಎತ್ತರದಲ್ಲಿ ಯಾರಾದರೂ ಆಟ ಆಡುತ್ತಾರೇನ್ರಿ, ತಾಯಿಯ ಗತಿ ನೋಡಬಾರದಾ ಎಂದು. ಮಲ್ಲಕ್ಕ ಅಳುತ್ತಿರಲಿಲ್ಲ. ಮಾರುತೇಶನ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು.

“ನೀನು ಪಕ್ಕದಾಗೇ ಇದ್ಯಂತಲ್ಲಪ್ಪ. ಒಂದು ಮಾತು ಬೈದು ಫೋನು ಕಿತ್ಕಳಕ್ಕೆ ಆಗಲಿಲ್ವಾ?”

ಅವನು ಕೈ ಬಿಡಿಸಿಕೊಂಡು ಶವಕ್ಕೆ ಹೆಗಲು ಕೊಡಲು ಹೋದ.

ಮನೆಯಲ್ಲಿ ಹೆಂಡತಿ ಅನುಸೂಯಳಿಗೆ ಮಾತ್ರ ನಿಜ ಹೇಳಿದ. ಆಗಲೇ ಎರಡು ವಾರವಾಗಿತ್ತು, ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅವಳು ಕೇಳಿಸಿಕೊಂಡು, ತೊಡೆಯ ಮೇಲಿದ್ದ ಮಗುವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. “ಹೇಳಿಬಿಟ್ರೆ ಆ ಹುಡುಗ ಎದ್ದು ಬರ್ತಾನೇನ್ರಿ? ನೀವು ಜೈಲಿಗೆ ಹೋದ್ರೆ ನಾನು ಇವಳನ್ನ ಕರ್ಕಂಡು ಎಲ್ಲಿಗೆ ಹೋಗ್ಲಿ?” ಅವಳ ಆ ಮಾತು ಅವನಿಗೆ ಒಂದು ರೀತಿ ಅನುಕೂಲವೂ ಆಯಿತು. ಮತ್ತೆ ಗುಡ್ಡಕ್ಕೆ ಹೋಗತೊಡಗಿದ. ಕಂಪನಿಯ ವರದಿ ಹೊರಬಿತ್ತು. ನೌಕರನ ಸ್ವಂತ ಅಜಾಗರೂಕತೆ ಎಂದು ಅದರಲ್ಲಿತ್ತು. ಪರಿಹಾರದ ಮಾತು ಅಲ್ಲಿಗೇ ನಿಂತಿತು. ಮಾರುತೇಶ ತನ್ನ ಫೋನಿನಿಂದ ಆಟವನ್ನು ತೆಗೆದುಹಾಕಿದ.

ಏಳು ತಿಂಗಳಾದ ಮೇಲೆ ಒಂದು ಭಾನುವಾರ ಮೇಘಶ್ರೀ ಹೊಸದುರ್ಗಕ್ಕೆ ಬಂದು ಬಸ್‌ಸ್ಟ್ಯಾಂಡಿನಿಂದ ಅವನಿಗೆ ಫೋನು ಮಾಡಿದಳು. ಇಬ್ಬರೂ ಅಲ್ಲೇ ಎದುರಿನ ಹೋಟೆಲಿನಲ್ಲಿ ಕೂತರು. ಅವಳು ಸೊರಗಿದ್ದಳು. ತರಿಸಿದ ಟೀ ಮುಟ್ಟದೆ, ಚೀಲದಿಂದ ಅಣ್ಣನ ಫೋನು ತೆಗೆದು ಮೇಜಿನ ಮೇಲಿಟ್ಟಳು.

“ಕೋರ್ಟಿನಿಂದ ವಾಪಸ್ ಕೊಟ್ರು. ಫೋಟೋ ಇರ್ತಾವೆ ಅಂತ ತೆಗೆದೆ. ಆಮೇಲೆ ಆಟ ನೋಡಿದೆ. ಮಾರುತಣ್ಣ, ನೀನೂ ಈ ಆಟ ಆಡ್ತಿದ್ದೆ ಅಲ್ವಾ? ನಂಗೊಂದು ಹೇಳ್ಕೊಡು.”

“ಏನು?”

ಅವಳು ಆಟ ತೆರೆದಳು. ಡೇರೆಯ ಚಿತ್ರ ಬಂತು. ಬೆಂಕಿಯ ಸುತ್ತ ಸೈನಿಕರು ಜೋಡಿಜೋಡಿಯಾಗಿ ಕೂತಿದ್ದರು. ಗುರಾಣಿಯ ಹೆಂಗಸು ಮಾತ್ರ ಒಬ್ಬಳೇ ನಿಂತಿದ್ದಳು. ಅವಳ ಮೇಲೆ ಬೆರಳಿಟ್ಟರೆ ಮಾತು ಬರಲಿಲ್ಲ. ಮೇಘಶ್ರೀ ಇನ್ನೊಂದು ಪುಟಕ್ಕೆ ಹೋದಳು. ಅಲ್ಲಿ ಸತ್ತವರ ಹೆಸರು, ಯಾವ ಕಾಳಗದಲ್ಲಿ, ಯಾವ ತಾರೀಕು, ಎಷ್ಟು ಹೊತ್ತಿಗೆ ಎಂದು ಇತ್ತು. ಮೂರನೆಯದು ಮೇಘ. ಅಂಜನ್ ಸತ್ತ ದಿನ, ಹನ್ನೊಂದು ಗಂಟೆ ಎಂಟು ನಿಮಿಷ.

“ಅವನು ಬಿದ್ದಿದ್ದು ಹನ್ನೊಂದು ಇಪ್ಪತ್ತಕ್ಕೆ ಅಂತ ಬರ್ದವ್ರೆ. ಇದನ್ನ ನೋಡಿದ ಪೊಲೀಸರು, ಆಡ್ತಿದ್ದಿದ್ದು ನಿಜಾನೇ ಅಲ್ವೇನಮ್ಮ ಅಂದ್ರು. ನಾನೂ ಎರಡು ದಿನ ಹಂಗೇ ಅಂದ್ಕಂಡೆ.” ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. “ನಡೆದ ನಡೆ ಎಲ್ಲ ಇಲ್ಲಿ ಬರ್ದಿರ್ತೈತೆ. ನೋಡು. ಮೇಘನ್ನ ಮಲ್ಲಿ ಹಿಂದಿನಿಂದ ತೆಗೆದು ಎರಡು ಮನೆ ಮುಂದಕ್ಕೆ ತಂದವ್ರೆ. ಒಬ್ಬಳನ್ನೇ. ರಜಕ್ಕೆ ಬಂದಾಗ ನಾನು ಅವನ ಪಕ್ಕ ಕುಂತು ಎಷ್ಟು ಸಲ ನೋಡಿದೀನಿ. ಒಂದು ಮನೆ ಮುಂದೆ ತಗೊಂಡು ಹೋಗೋ ಅಂದ್ರೂ ಹೋಗ್ತಿರಲಿಲ್ಲ ಅವನು. ಅವಳು ಸತ್ರೆ ಅವ್ವಂಗೆ ಏನು ಹೇಳ್ಲಿ ಅಂತಿದ್ದ. ತಮಾಷೆಗೆ. ಇದನ್ನ ನಮ್ಮಣ್ಣ ಆಡಿಲ್ಲ.”

ಮಾರುತೇಶ ಪರದೆಯನ್ನೇ ನೋಡುತ್ತಿದ್ದ. ಹೋಟೆಲಿನವನು ಬಂದು ಇನ್ನೇನು ಬೇಕು ಎಂದು ಕೇಳಿಹೋದ.

“ಯಾರು ಆಡಿದ್ದು ಮಾರುತಣ್ಣ?”

“ನಾನು.”

ಅಲ್ಲಿಂದ ಎಲ್ಲವೂ ಬಂತು. ಲಾರಿ, ಹುಕ್ಕು, ವಾಕಿಟಾಕಿ, ಐದು ನಿಮಿಷ ತಡಿ ಅಂದದ್ದು. ಅವನು ಅಳುತ್ತಾ ಹೇಳಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೇಘಶ್ರೀ ಎಲ್ಲ ಮುಗಿದ ಮೇಲೆ ಫೋನನ್ನು ಚೀಲಕ್ಕೆ ಹಾಕಿಕೊಂಡಳು.

“ಇದನ್ನ ನಮ್ಮವ್ವನ ಮುಂದೆ ಹೇಳ್ಬೇಕು. ಈಗ್ಲೇ. ಬಸ್ಸು ಐತೆ, ಹೋಗಾಣ.”

ಹಿರಿಯೂರಿನ ತನಕ ಅವಳು ಮುಂದಿನ ಸೀಟಿನಲ್ಲಿ, ಅವನು ಹಿಂದಿನ ಬಾಗಿಲ ಹತ್ತಿರ. ಮಲ್ಲಕ್ಕ ಪಡಸಾಲೆಯಲ್ಲಿ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಮಗನ ಜೊತೆಗಾರ ಬಂದನೆಂದು ಎದ್ದು ಚಾಪೆ ಹಾಸಿ, ಮತ್ತೆ ಸೊಪ್ಪಿನ ಮುಂದೆ ಕೂತಳು. ಅವನು ಬಾಗಿಲಲ್ಲೇ ನಿಂತು ಹೇಳಿದ. ಅವಳ ಕೈ ಕೆಲಸ ನಿಲ್ಲಿಸಲಿಲ್ಲ. ಎಲೆ ಒಂದು ಕಡೆ, ದಂಟು ಒಂದು ಕಡೆ ಹಾಕುತ್ತಲೇ ಇದ್ದಳು. ಗೋಡೆಯ ಮೇಲೆ ಅಂಜನನ ಫೋಟೋ ಇತ್ತು, ಅದಕ್ಕೆ ಹೂವಿರಲಿಲ್ಲ.

“ಏಳು ತಿಂಗ್ಳು,” ಅಂದಳು ಕೊನೆಗೆ. “ದಿನಾ ಬೆಳಿಗ್ಗೆ ಎದ್ದು ಇವನ ಫೋಟೋ ಮುಂದೆ ಕುಂತು ಬೈದಿದೀನಿ. ಹಾಳು ಫೋನಿಗೆ ಜೀವ ಕೊಟ್ಟ್ಯಲ್ಲೋ, ನಮ್ಮ ನೆಪ್ಪು ಬರಲಿಲ್ವೇನೋ ಅಂತ. ಹೂವು ಹಾಕಲಿಲ್ಲ. ವರ್ಷದ ಕಾರ್ಯ ಮಾಡಲ್ಲ ಅಂತ ಹೇಳಿದ್ದೆ. ಅದನ್ನೆಲ್ಲ ನಾನು ಹೆಂಗೆ ವಾಪಸ್ ತಗಳ್ಲಿ, ಹೇಳು.”

ಮಾರುತೇಶ ಅವಳ ಕಾಲಿಗೆ ಬೀಳಲು ಬಾಗಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

“ಮುಟ್ಟಬ್ಯಾಡ. ಹೋಗು.”

ಮರುದಿನ ಅವನು ಚಿತ್ರದುರ್ಗಕ್ಕೆ ಹೋಗಿ ಕಾರ್ಮಿಕ ಅಧಿಕಾರಿಯ ಮುಂದೆ ಹೇಳಿಕೆ ಬರೆಸಿದ. ಅಲ್ಲಿಂದ ಅವರು ಪೊಲೀಸರ ಬಳಿಗೆ ಕಳಿಸಿದರು. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಅವನ ಮೇಲೆ ಕೇಸಾಯಿತು. ಕೆಲಸ ಅದೇ ವಾರ ಹೋಯಿತು. ಚಿತ್ರಲಿಂಗಪ್ಪ ಹಳೆಯ ನಡುಪಟ್ಟಿ ಯಾವುದೂ ತನ್ನ ಬಳಿ ಇಲ್ಲವೆಂದ. ಆದರೆ ಹುಕ್ಕು ಕೆಟ್ಟಿದೆಯೆಂದು ಅಂಜನ್ ಅವನಿಗೆ ಕಳಿಸಿದ್ದ ಮೂರು ಮೆಸೇಜುಗಳು, ಚಿತ್ರದ ಸಮೇತ, ಆ ಫೋನಿನಲ್ಲೇ ಇದ್ದವು. ಏಳು ತಿಂಗಳು ಪೊಲೀಸರು ಆ ಫೋನಿನಲ್ಲಿ ಆಟ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ಅನುಸೂಯ ಮಗುವನ್ನೆತ್ತಿಕೊಂಡು ಹೊಳಲ್ಕೆರೆಯ ತವರಿಗೆ ಹೋದಳು. ಎರಡು ತಿಂಗಳಾದ ಮೇಲೆ ಅವಳ ಅಣ್ಣ ಬಂದು ಮಾರುತೇಶನನ್ನೂ ಕರೆದುಕೊಂಡು ಹೋದ. ಅಲ್ಲಿ ರಂಗಪ್ಪ ಎಂಬವರ ಮೋಟಾರ್ ರಿಪೇರಿ ಅಂಗಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಸುಟ್ಟುಹೋದ ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು. ನೆಲದ ಮೇಲೆ ಕೂತು ಮಾಡುವ ಕೆಲಸ. ಮನೆಯಲ್ಲಿ ಅನುಸೂಯ ಊಟಕ್ಕಿಡುತ್ತಾಳೆ, ಬೇಕಾದಷ್ಟು ಮಾತಾಡುತ್ತಾಳೆ. ಮಗಳು ಅವನ ಫೋನು ಕೇಳಿದರೆ ಅವನು ಕೊಡುವುದಿಲ್ಲ. ಅವಳು ಅತ್ತರೂ ಕೊಡುವುದಿಲ್ಲ. ಅದಕ್ಕೆ ಅತ್ತೆ ಮನೆಯವರು ಏನೇನೋ ಅನ್ನುತ್ತಾರೆ.

ಅಂಜನನ ಪರಿಹಾರದ ವಿಚಾರಣೆ ಕಾರ್ಮಿಕ ಅಧಿಕಾರಿಯ ಮುಂದೆ ಒಂದೂವರೆ ವರ್ಷ ನಡೆಯಿತು. ಚಿತ್ರಲಿಂಗಪ್ಪನನ್ನು ಆ ಗುಡ್ಡದಿಂದ ತೆಗೆದರು, ಅವನು ಬೇರೆ ಕಂಪನಿ ಸೇರಿ ಬೇರೆ ಗುಡ್ಡದಲ್ಲಿ ಇದ್ದಾನೆಂದು ಸುದ್ದಿ. ಮಾರುತೇಶನ ಕೇಸು ಇನ್ನೂ ಮುಗಿದಿಲ್ಲ, ವಾಯಿದೆಗೆ ಹೋಗಿ ಬರುತ್ತಾನೆ.

ಕಳೆದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಮೇಘಶ್ರೀ ಆ ಅಂಗಡಿಗೆ ಬಂದಳು. ಕೈಯಲ್ಲಿ ಆ ವಿಚಾರಣೆಯ ಆದೇಶದ ಪ್ರತಿ. ಒಳಗೆ ಬರಲಿಲ್ಲ. ಮೆಟ್ಟಿಲ ಬಳಿ ನಿಂತು ಅದನ್ನು ಅವನಿಗೆ ಕೊಟ್ಟಳು.

“ಅವ್ವಂಗೆ ಓದಿ ಹೇಳ್ಬೇಕು. ನಂಗೆ ಪೂರಾ ಓದಕ್ಕೆ ಆಗ್ತಿಲ್ಲ. ನೀನು ಓದು, ನಿನ್ ದನಿ ಫೋನಾಗೆ ತುಂಬ್ಕಂತೀನಿ. ಅವಳಿಗೆ ಕೇಳಿಸ್ತೀನಿ.”

ಅವನು ಕೈ ಒರೆಸಿಕೊಂಡು ಓದಿದ. ಮೃತ ಅಂಜನ್ ಕೆಲಸದ ಸಮಯದಲ್ಲಿ ದೂರವಾಣಿ ಬಳಸಿರಲಿಲ್ಲ. ಸುರಕ್ಷತಾ ಸಾಧನ ದೋಷಪೂರಿತವಾಗಿದ್ದುದು ಮೇಲ್ವಿಚಾರಕರ ಗಮನಕ್ಕೆ ಬಂದಿತ್ತು. ಮೃತರ ಕಡೆಯಿಂದ ಯಾವುದೇ ಅಜಾಗರೂಕತೆ ಕಂಡುಬಂದಿಲ್ಲ. ಅಲ್ಲಿಗೆ ನಿಲ್ಲಿಸಿದ.

“ಮುಂದೆ ಇನ್ನೂ ಐತಲ್ಲ,” ಅಂದಳು ಮೇಘಶ್ರೀ. “ಅದನ್ನೂ ಓದು.”

ಮುಂದಿನ ಸಾಲಿನಲ್ಲಿ ಅವನ ಹೆಸರಿತ್ತು. ಸಹೋದ್ಯೋಗಿ ಮಾರುತೇಶ್, ಸಹಾಯ ಕೋರಿದಾಗ ಸುಳ್ಳು ಕಾರಣ ನೀಡಿ ಸ್ಥಳಕ್ಕೆ ಹೋಗದೆ ಇದ್ದುದು ಸಾವಿಗೆ ನೇರವಾಗಿ ಕಾರಣವಾಗಿದೆ. ಅವನು ಒಂದೊಂದೇ ಪದ ಬಿಡಿಸಿ, ಕೇಳಿಸುವಂತೆ ಓದಿದ.

ಅವಳು ಫೋನು ಆರಿಸಿ, ಹಾಳೆ ಮಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ನಡೆದಳು. ಒಳಗಿನಿಂದ ರಂಗಪ್ಪ ಯಾರು ಬಂದಿದ್ದು ಎಂದು ಕೇಳಿದರು.

“ಹಿರಿಯೂರಿನೋರು,” ಅಂದ ಮಾರುತೇಶ.